ಕಾಡುಪ್ರಾಣಿಗಳಿಗೆಂದೇ ಹತ್ತು ಗುಂಟೆ: ಏನು ಬಿತ್ತಲಿ?

ಹೊಸಬಿತ್ತನೆ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಕೊರಟಗೆರೆ ತಾಲೂಕಿನಲ್ಲಿ ಮೂರು ಎಕರೆ ಖುಷ್ಕಿ ತಗೊಂಡೆ. ವಾರಕ್ಕೊಮ್ಮೆ ಬೆಂಗಳೂರಿಂದ ಹೋಗಿ ಬರೋದು. ಪಡುವಣ ಬದು ದಾಟಿದರೆ ಹಳ್ಳ, ಹಳ್ಳದಾಚೆ ಕುರುಚಲು ಗುಡ್ಡ. ಅಮೆರಿಕದಲ್ಲಿ 'ಫುಡ್ ಪ್ಲಾಟ್' ಅಂತ ಮಾಡ್ತಾರಲ್ಲ, ಕಾಡುಪ್ರಾಣಿ ಬಂದು ಮೇಯಲಿ ಅಂತಲೇ ಒಂದು ತುಂಡು ನೆಲಕ್ಕೆ ಬೆಳೆ ಹಾಕೋದು, ಅದರ ವಿಡಿಯೊ ನೋಡಿ ನೋಡಿ ಆಸೆ ಹುಟ್ಟಿಬಿಟ್ಟಿದೆ. ಹಳ್ಳದ ಕಡೆ ಹತ್ತು ಗುಂಟೆ ಬಿಟ್ಟುಕೊಡೋಣ ಅಂತ. ಮುಸುಕಿನ ಜೋಳ, ಅಲಸಂದೆ, ಒಂದೆರಡು ಸಾಲು ಗೆಣಸು. ಮರಕ್ಕೊಂದು ಕ್ಯಾಮೆರಾ. ಮೊದಲನೇ ಸಲ ಮಾಡ್ತಿರೋದು, ಮುಂಗಾರಿಗೆ ಏನು ಬಿತ್ತಿದರೆ ಒಳ್ಳೇದು ಹೇಳಿ.

ಕಾವಲುಮಂಚ:
ಜೋಳ, ಗೆಣಸು! ಅದು ಬೀಜದ ಪಟ್ಟಿ ಅಲ್ಲ ಸ್ವಾಮಿ, ಹಂದಿಗೆ ಬರೆದ ಲಗ್ನಪತ್ರಿಕೆ.
ನಾನು ಮಧುಗಿರಿ ಕಡೆಯವನು. ಕಡ್ಲೆಕಾಯಿ ಕಾಳು ಕಟ್ಟೋ ಹೊತ್ತಿಗೆ ಒಂದು ತಿಂಗಳು ಮನೇಲಿ ಮಲಗಲ್ಲ. ಟಾರ್ಚು, ತಗಡಿನ ಡಬ್ಬ, ಕಂಬಳಿ. ಗುಂಪು ಒಂದು ರಾತ್ರಿ ನುಗ್ಗಿದರೆ ತಿನ್ನೋದು ಕಾಲು ಪಾಲು, ಉತ್ತು ಹಾಕೋದು ಮುಕ್ಕಾಲು. ನಿಮ್ಮ ಹತ್ತು ಗುಂಟೆ ನಾಲ್ಕು ರಾತ್ರಿಗೆ ಮುಗೀತದೆ. ಐದನೇ ರಾತ್ರಿ ಅವು ಎಲ್ಲಿಗೆ ಹೋಗ್ತವೆ? ನೀವು ಭಾನುವಾರ ಸಾಯಂಕಾಲವೇ ಬಸ್ಸು ಹತ್ತಿರ್ತೀರ. ಫೋಟೊ ನಿಮಗೆ, ಕಾವಲು ಪಕ್ಕದವನಿಗೆ.

ವಿಸ್ಕಾನ್ಸಿನ್ ಭಾವ:
ತಿಪಟೂರಿನವನು, ಹದಿನೆಂಟು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೀನಿ. ಜೊತೆಗೆ ಕೆಲಸ ಮಾಡೋರೊಬ್ಬರ ಜಮೀನಲ್ಲಿ ನಾಲ್ಕು ವರ್ಷ ಇದೇ ಫುಡ್ ಪ್ಲಾಟಿಗೆ ಕೈ ಹಾಕಿದ್ದೀನಿ, ಅದಕ್ಕೇ ಹೇಳ್ತಿರೋದು. ಎಷ್ಟೋ ವಿಡಿಯೊಗಳು ಬಾಯಿಬಿಟ್ಟು ಹೇಳದ ಮಾತೊಂದಿದೆ: ಇಲ್ಲಿ ಇದನ್ನ ಮಾಡೋದು ಹೆಚ್ಚಾಗಿ ಬೇಟೆಗೆ. ನವೆಂಬರಿನಲ್ಲಿ ಬಂದೂಕಿನ ಋತು ಬರೋ ಹೊತ್ತಿಗೆ ಬಿಳಿಬಾಲದ ಜಿಂಕೆಗೆ ಅಲ್ಲಿ ಮೇಯೋದು ರೂಢಿ ಆಗಿರಬೇಕು. ಅಟ್ಟಣೆ ಪಕ್ಕದಲ್ಲೇ ಇರುತ್ತೆ, ವಿಡಿಯೊದ ಚೌಕಟ್ಟಿನಿಂದ ಸ್ವಲ್ಪ ಆಚೆ.
ಕೆಲಸ ಮಾತ್ರ ಶ್ರದ್ಧೆಯದು. ಮೊದಲು ಮಣ್ಣು ಪರೀಕ್ಷೆ. ಪಿಎಚ್ 6ಕ್ಕಿಂತ ಕೆಳಗಿದ್ದರೆ, ಅಂದರೆ ಮಣ್ಣು ಹುಳಿಯಾಗಿದ್ದರೆ, ಕ್ಲೋವರ್ ಅನ್ನೋ ಮೇವಿನ ಗಿಡ ಸೊರಗುತ್ತೆ, ಸುಣ್ಣ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಬೀಜಕ್ಕೆ ರೈಜೋಬಿಯಂ ಲೇಪ, ಬೇರಿಗೆ ಸಾರಜನಕ ಒದಗಿಸೋ ಬ್ಯಾಕ್ಟೀರಿಯಾ ಅದು. ಬೇಸಿಗೆ ಕೊನೆಗೆ ಓಟ್ಸ್, ಟರ್ನಿಪ್, ಮೂಲಂಗಿ. ಮೊದಲ ವರ್ಷ ನಾವು ಕ್ಲೋವರ್ ಬೀಜನ ರಾಗಿಗಿಂತ ಆಳಕ್ಕೆ ಇಳಿಸಿ ಕೂತ್ವಿ, ಎದ್ದಿದ್ದು ಬರೀ ಕಳೆ. ಕಾಲು ಇಂಚು ಮಣ್ಣು ಮುಚ್ಚಿದರೆ ಸಾಕು ಅದಕ್ಕೆ.
ಒಂದು ಉಪಾಯ ನಿಮಗೂ ಬರುತ್ತೆ. ಪ್ಲಾಟ್ ನಡುವೆ ಮೂರಡಿ ಅಗಲದ ತಂತಿಬಲೆಯ ಗೂಡು ನಿಲ್ಲಿಸಿ. ಒಳಗಿನ ಬೆಳೆ ಮೊಣಕಾಲುದ್ದ, ಹೊರಗಿನದು ಪಾದದುದ್ದ ಅಂದರೆ ಯಾರೋ ಮೇಯ್ತಿದ್ದಾರೆ ಅಂತ ಅರ್ಥ.
ಇನ್ನೊಂದು. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ, ಜಿಂಕೆಗಳನ್ನ ಸೊರಗಿಸಿ ಸಾಯಿಸೋ ಒಂದು ರೋಗ 2002ರಲ್ಲಿ ಇಲ್ಲಿ ವಿಸ್ಕಾನ್ಸಿನ್ನಿನಲ್ಲೂ ಪತ್ತೆ ಆಯ್ತು. ಹತ್ತು ಮೂತಿ ಒಂದೇ ರಾಶಿಗೆ ಬಿದ್ದರೆ ಹರಡುತ್ತೆ ಅಂತ ಎಷ್ಟೋ ಕೌಂಟಿಗಳಲ್ಲಿ ಕಾಳು ಸುರಿಯೋದಕ್ಕೆ ನಿಷೇಧ ಇದೆ. ಬಿತ್ತಿ ಬೆಳೆಯೋದಕ್ಕೆ ಇಲ್ಲ.

ಹೊಸಬಿತ್ತನೆ:
ಬೇಟೆಯ ಕಥೆ ಇಷ್ಟು ಗಟ್ಟಿಯಾಗಿ ಯಾರೂ ಹೇಳಿರಲಿಲ್ಲ. ನನ್ನದು ನೋಡೋ ಆಸೆ ಅಷ್ಟೇ. ಆದರೆ ಒಂದು ಪ್ರಶ್ನೆ. ಗುಡ್ಡ ಸುತ್ತ ಉತ್ತು ಉತ್ತು ಅವುಗಳ ಮೇವು ಕಿತ್ತುಕೊಂಡಿದ್ದು ನಾವೇ ತಾನೆ? ಮೂರು ಎಕರೆಯಲ್ಲಿ ಹತ್ತು ಗುಂಟೆ ವಾಪಸ್ ಕೊಡೋದು ತಪ್ಪಾ?

ಕಪ್ಪುಕೋಟು:
ಕಾನೂನು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದಕ್ಕೆ ಕೊಲ್ಲೋದೊಂದೇ ಅರ್ಥ ಅಲ್ಲ. ಹಿಡಿಯೋದು, ಉರುಳು ಹಾಕೋದು, ಅದಕ್ಕಾಗಿ ಆಮಿಷ ಒಡ್ಡೋದು, ಪ್ರಯತ್ನ ಪಡೋದೂ ಸೇರುತ್ತೆ. ನೋಡೋಕೆ ಅಂತ ಬೆಳೆ ಬೆಳೆದರೆ ಅಪರಾಧ ಆಗಲ್ಲ. ಆದರೆ ನೀವು ಕರೆದಿದ್ದಕ್ಕೆ ಇನ್ನೊಬ್ಬ ನಿಮ್ಮ ಬೇಲಿಯಲ್ಲೇ ಉರುಳು ಕಟ್ಟಿದ ಅಂತಿಟ್ಟುಕೊಳ್ಳಿ. ಮಹಜರು ನಡೆಯೋದು ನಿಮ್ಮ ಸರ್ವೆ ನಂಬರಿನಲ್ಲಿ.

ಕಾವಲುಮಂಚ:
ಅದು ಕಲ್ಪನೆ ಅಲ್ಲ ವಕೀಲರೇ. ಹಂದಿಗೆ ಅಂತ ಕಟ್ಟಿದ ಉರುಳಿಗೆ ಚಿರತೆ ಸಿಕ್ಕಿ ಸಾಯೋದು ನಮ್ಮ ಕಡೆ ಹೊಸದೇನಲ್ಲ. ಗೌಜಲಕ್ಕಿ ಮೊಲಕ್ಕೆ ಬಲೆ ಬಿಡೋರೂ ಇದ್ದಾರೆ. ಪ್ರಾಣಿ ಎಲ್ಲಿ ಕೂಡ್ತದೋ ಅಲ್ಲಿ ಇಂಥವರೂ ಕೂಡ್ತಾರೆ. ಆರು ದಿನ ಬೀಗ ಹಾಕಿರೋ ಜಮೀನು ಬೇರೆ.

ಗೌಜಲ:
ನನ್ನ ಹೆಸರು ಎತ್ತಿದ್ದಕ್ಕೆ ಬಂದೆ! ಎಲ್ಲರೂ ಸೇರಿ ತಣ್ಣೀರು ಎರಚೋದು ಸಾಕು. ಇವರ ಮನಸ್ಸು ಸರಿ ಇದೆ, ಬೀಜದ ಪಟ್ಟಿ ಸರಿ ಇಲ್ಲ ಅಷ್ಟೇ. ಅಮೆರಿಕದ ಪಾಠ ಇಲ್ಲಿಗೆ ಯಾಕೆ? ನಮ್ಮ ಹತ್ರ ಅಕ್ಕಡಿ ಸಾಲು ಇದೆಯಲ್ಲ.
ರಾಗಿ ಹೊಲದಲ್ಲಿ ಎಂಟು ಹತ್ತು ಸಾಲಿಗೊಂದು ಅಕ್ಕಡಿ ಬಿಟ್ಟು ಅವರೆ, ತೊಗರಿ, ಬಿಳಿಜೋಳ, ಹರಳು ಹಾಕ್ತಿದ್ದರು, ಅಂಚಿಗೆ ಹುಚ್ಚೆಳ್ಳು. ಹುಚ್ಚೆಳ್ಳಿಗೆ ದನ ಬಾಯಿ ಹಾಕಲ್ಲ. ಹಳದಿ ಹೂ ಬಿಟ್ಟಾಗ ಜೇನ್ನೊಣ ಮುತ್ತಿಕೊಳ್ಳೋ ಸದ್ದು ಬದುವಿನ ಮೇಲೆ ನಿಂತರೆ ಕೇಳುತ್ತೆ. ಜೋಳದ ದಂಟಿನ ತುದಿಗೆ ಕಾಜಾಣ ಕೂತು ಅವರೆಯ ಹುಳು ಹೆಕ್ಕುತ್ತೆ. ಒಂದೆರಡು ಸಾಲು ನವಣೆ, ಸಜ್ಜೆ ಹಾಕಿ ಕೊಯ್ಯದೆ ಬಿಟ್ಟರೆ ರಾಟವಾಳ, ಗೀಜಗ, ಬುರ್ಲಿ ಹಕ್ಕಿಗಳು ಬರ್ತವೆ. ಇವುಗಳಿಂದ ಪಕ್ಕದವನ ನಿದ್ದೆ ಕೆಡಲ್ಲ.
ಮತ್ತೆ ಬೇಲಿ. ಮುಳ್ಳುತಂತಿ ಎಳೆಸೋಕೆ ಮುಂಚೆ ಯೋಚನೆ ಮಾಡಿ. ಕಾರೆ, ಕವಳಿ, ಕಳ್ಳಿ, ತಂಗಡಿ ಇದ್ದ ಹಳೇ ಜೀವಂತ ಬೇಲಿಯಲ್ಲಿ ಗೂಡು, ಹಣ್ಣು, ನೆರಳು, ಹುಳು ಎಲ್ಲಾ ಇರ್ತಿತ್ತು. ಎಕ್ಕದ ಗಿಡ ಕಂಡರೆ ಕೀಳಬೇಡಿ, ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡೋದು ಅದರ ಮೇಲೆ. ಈಶ್ವರಬಳ್ಳಿ ಹಬ್ಬಿಸಿದರೆ ಕ್ರಿಮ್ಸನ್ ರೋಸ್ ಚಿಟ್ಟೆ. ಜನ ಹೂವಿನ ಗಿಡ ತಂದು ಚಿಟ್ಟೆ ಬಂತು ಅಂತ ಕುಣೀತಾರೆ. ಹೂವು ಅದರ ಹೋಟೆಲ್ಲು ಅಷ್ಟೇ, ಹೆರಿಗೆಗೆ ಬೇರೆ ಗಿಡ ಬೇಕು.

ಹಲಸಿನತೊಳೆ:
ಸಕಲೇಶಪುರದಿಂದ. ಕರೆದು ಊಟ ಹಾಕೋರು ಒಂದು ಸಲ ನಮ್ಮ ತೋಟಕ್ಕೆ ಬನ್ನಿ. ನಮ್ಮಜ್ಜ ನೆಟ್ಟ ಹಲಸಿನ ಮರಗಳ ಕಾಯಿನ ಹಣ್ಣಾಗೋ ಮುಂಚೆ ನಾವೇ ಇಳಿಸಿ ಹೂಳ್ತೀವಿ, ವಾಸನೆಗೆ ಆನೆ ಬರ್ತದೆ ಅಂತ. 2023ರ ಗಣತಿಯಲ್ಲಿ ರಾಜ್ಯದಲ್ಲಿ 6395 ಆನೆ ಅಂದಾಗ ಪೇಪರಿನೋರು ದೇಶಕ್ಕೇ ನಾವು ಮೊದಲು ಅಂತ ಬರೆದರು. ಆ ದಿನ ನಮ್ಮ ತೋಟದ ಕೂಲಿ ಲೈನಿನ ಮಕ್ಕಳು ಶಾಲೆಗೆ ಹೋಗಿರಲಿಲ್ಲ, ದಾರಿಯಲ್ಲಿ ಆನೆ ನಿಂತಿತ್ತು.

ಗೌಜಲ:
ಕೊರಟಗೆರೆಗೂ ಸಕಲೇಶಪುರಕ್ಕೂ ಹೋಲಿಕೆ ಬೇಡ. ಅಲ್ಲಿ ಆನೆ ಇಲ್ಲ.

ಕಾವಲುಮಂಚ:
ಕರಡಿ ಇದೆಯಲ್ಲ. ದೇವರಾಯನದುರ್ಗದ ಸುತ್ತ ಕೇಳಿ. ಎಲಚಿ, ಕಕ್ಕೆ ಕಾಯಿ, ಹಲಸು, ಜೇನು, ಎಲ್ಲಾ ಬೇಕು ಅದಕ್ಕೆ. ನಸುಕಿನಲ್ಲಿ ಎದುರಾದರೆ ಮುಖಕ್ಕೇ ಬರ್ತದೆ.

ಎರೆಹೊಲ:
ನಾವು ಗದಗ ಕಡೆಯವರ್ರಿ. ಎಳ್ಳಮಾಸಿ ದಿನ ಹೊಲದಾಗ ಚರಗ, ಅಂದ್ರ ಎಡಿ ಮಾಡಿದ ಅಡಗಿ, ಚೆಲ್ಲತೇವಿ. ಭೂಮಿತಾಯಿಗೆ ಅಂತೇವಿ, ತಿನ್ನಾವು ಹಕ್ಕಿ, ಇರಿವಿ, ಹೆಗ್ಗಣ. ಯಾರೂ ಲೆಕ್ಕಾ ಇಡಂಗಿಲ್ಲ. ಮಾಗಡಿ ಕೆರಿಗೆ ಹಿಮಾಲಯ ದಾಟಿ ಪಟ್ಟೆತಲೆ ಬಾತು ಬರತಾವ್ರಿ, ಆ ಕೆರಿ 2024ರಾಗ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರೇತಿ. ರಾತ್ರಿ ಹೊಲಕ್ಕ ಇಳದು ಮೇಯತಾವ. ಅವಕ್ಕಂತ ಯಾರ ಪ್ಲಾಟ್ ಹಾಕ್ಯಾರ? ಒಕ್ಕಲಿ ಮುಗಿದ ಮ್ಯಾಲ ಉದುರಿದ ಕಾಳು ಆರಿಸಿಕೊಂಡು ಹೋಗತಾವ.
ಇನ್ನ ಚಿಗರಿ, ಅಂದ್ರ ಕೃಷ್ಣಮೃಗದ ಮಾತು. ರಾಣೆಬೆನ್ನೂರಾಗ ಚಿಗರಿಗೆ ಅಂತ 1974ರಾಗ ಅಭಯಾರಣ್ಯ ಆತು. ಒಳಗ ನೋಡಿದ್ರ ನೀಲಗಿರಿ ನೆಡುತೋಪು. ಚಿಗರಿಗೆ ಬೇಕಾದ್ದು ಬಯಲು, ಹುಲ್ಲು. ಮರದ ಸಂದ್ಯಾಗ ನಿಂತು ಅದೇನು ಮಾಡೀತು? ಹೊಲಕ್ಕ ಬಂತು. ಹಂಗಾಗಿ ಬಿತ್ತೂಕಿಂತ ಮೊದಲ ಅಲ್ಲಿ ಏನ ಇತ್ತು ಅನ್ನೂದನ್ನ ತಿಳಕೋರಿ.

ಕಾವಲುಮಂಚ:
ಒಪ್ಪಿದೆ. ನಮ್ಮ ಮೈದನಹಳ್ಳಿ ಕೃಷ್ಣಮೃಗಗಳದ್ದೂ ಇದೇ ಕಥೆ. ಹುಲ್ಲುಗಾವಲಿಗೆ ಗಿಡ ನೆಡೋರ ಕೈ ತಡೆಯೋದೇ ಕಷ್ಟ. ಆದರೆ ಚರಗ ವರ್ಷಕ್ಕೊಂದು ದಿನ ಅಣ್ಣಾ, ಇವರು ದಿನಾ ಎಲೆ ಹಾಕಿ ಕೂರ್ತೀನಿ ಅಂತಿದ್ದಾರೆ.

ಗೌಜಲ:
ನೀವು ದಿನಾ ಹಂದಿ ಹಂದಿ ಅಂತೀರ. ಗುಡ್ಡದಲ್ಲಿ ಏನೂ ಸಿಗದಿದ್ದರೆ ಅವು ನಿಮ್ಮ ಕಡ್ಲೆಕಾಯಿಗೆ ಬರದೆ ಇನ್ನೆಲ್ಲಿ ಹೋಗಬೇಕು? ಇವರ ಹತ್ತು ಗುಂಟೆ ನಡುವೆ ತಡೆಗೋಡೆ ಆಗಬಾರದಾ?

ಕಾವಲುಮಂಚ:
ತಡೆಗೋಡೆ ಅಲ್ಲ, ಟೀ ಅಂಗಡಿ. ಊರಿಗೆ ಬರೋರು ಅಲ್ಲಿ ನಿಂತು ಟೀ ಕುಡಿದು ಊರಿಗೇ ಬರ್ತಾರೆ.

ವಿಸ್ಕಾನ್ಸಿನ್ ಭಾವ:
ಇಲ್ಲೂ ಇದೇ ಜಗಳ ಇದೆ. ಪ್ಲಾಟ್ ಹಾಕಿದವನ ಪಕ್ಕದ ಸೋಯಾ ರೈತನ ಮುಖ ನೋಡಬೇಕು ನೀವು. ಒಂದು ವ್ಯತ್ಯಾಸ: ಅವನಿಗೂ ಬೇಟೆಯ ಪರವಾನಗಿ ಸಿಗುತ್ತೆ. ಕೊರಟಗೆರೆಯಲ್ಲಿ ಪಕ್ಕದವನಿಗೆ ಸಿಗೋದು ಪರಿಹಾರದ ಅರ್ಜಿ. ಹಾಗಾಗಿ ನನ್ನ ಮತ ಕಾವಲುಮಂಚ ಕಡೆಗೆ. ದೊಡ್ಡ ಪ್ರಾಣಿ ಮರೆತುಬಿಡಿ.

ಗೌಜಲ:
ಸರಿ, ಗೆಣಸು ಜೋಳ ಬೇಡ, ಅಲ್ಲಿಗೆ ಒಪ್ಪಂದ. ನೀರಿನ ಮಾತು ಯಾರೂ ಎತ್ತಲಿಲ್ಲ ನೋಡಿ. ಏಪ್ರಿಲ್ ತಿಂಗಳ ಆ ಗುಡ್ಡಕ್ಕೆ ಹತ್ತು ಗುಂಟೆ ಕಾಳಿಗಿಂತ ಅಂಗೈ ಆಳದ ಒಂದು ಕಲ್ಲುಬಾನಿ ನೀರು ಮೇಲು.

ಹೊಸಬಿತ್ತನೆ:
ಎಲ್ಲಾ ಓದಿದೆ, ಸ್ವಲ್ಪ ಮುಖ ಸಣ್ಣಗಾಯ್ತು, ಪರವಾಗಿಲ್ಲ. ಹುಚ್ಚೆಳ್ಳು, ನವಣೆ, ಸಜ್ಜೆ, ಅವರೆ. ಅರ್ಧ ಭಾಗ ಉಳದೆ ಹಾಗೇ ಬಿಡ್ತೀನಿ. ಬಿತ್ತೋಕೆ ಮುಂಚೆ ಪಕ್ಕದ ಜಮೀನಿನವರನ್ನ ಕೇಳ್ತೀನಿ.

ಹೊಸಬಿತ್ತನೆ (ಡಿಸೆಂಬರ್):
ಯಾರಾದರೂ ಇದ್ದೀರಾ? ವರದಿ ಒಪ್ಪಿಸ್ತೀನಿ ಅಂದಿದ್ದೆ ಅಂತ ಅಲ್ಲ, ಹೇಳದೆ ಇರೋಕೆ ಆಗ್ತಿಲ್ಲ. ಪಕ್ಕದವರು 'ಗೆಡ್ಡೆ ಒಂದು ಹಾಕಬೇಡಪ್ಪ, ಮಿಕ್ಕಿದ್ದು ನಿನ್ನ ದುಡ್ಡು' ಅಂದರು. ಮೊದಲ ಸಲ ಬಿತ್ತಿದ ನವಣೆನ ಇರುವೆಗಳು ಸಾಲು ಹಿಡಿದು ಹೊತ್ತುಕೊಂಡು ಹೋದವು, ಲೆಕ್ಕದ ಪ್ರಕಾರ ನನ್ನ ಮೊದಲ ವನ್ಯಜೀವಿ ಅತಿಥಿಗಳು ಅವೇ. ಎರಡನೇ ಸಲ ಪಕ್ಕದವರೇ ಬೀಜಕ್ಕೆ ಬೂದಿ ಬೆರೆಸಿ ಕೊಟ್ಟರು. ಹುಚ್ಚೆಳ್ಳು ಹೂ ಬಿಟ್ಟಾಗ ನಿಜಕ್ಕೂ ಸದ್ದು ಕೇಳಿಸ್ತು. ರಾಟವಾಳ ಬಂದವು. ಕ್ಯಾಮೆರಾದಲ್ಲಿ ಒಂದು ಪುನುಗು, ಮೊಲ, ಮುಂಗುಸಿ, ಮಿಕ್ಕಿದ್ದೆಲ್ಲಾ ಮೇಕೆ. ಭಾವನ ಗೂಡು ನಿಲ್ಲಿಸಿದ್ದೆ, ಹೊರಗೆ ಮೇಯ್ದಿದ್ದೂ ಮೇಕೆನೇ. ನವೆಂಬರ್ ಕೊನೆಗೆ ಬೆಳಿಗ್ಗೆ ಬೆಳಿಗ್ಗೆ ಹತ್ತು ಹನ್ನೆರಡು ನವಿಲು.

ಕಾವಲುಮಂಚ:
ಪುನುಗು ಸಂತೋಷ. ನವಿಲು ಮೊದಲೂ ಅಷ್ಟೇ ಇದ್ದವಾ, ನಿಮ್ಮ ಸಜ್ಜೆಗೆ ಬಂದವಾ?

ಹೊಸಬಿತ್ತನೆ:
ಗೊತ್ತಿಲ್ಲ. ಮೊದಲು ಕ್ಯಾಮೆರಾ ಇರಲಿಲ್ಲ. ಪಕ್ಕದವರು ಟೊಮೆಟೊ ನಾಟಿ ಮಾಡಿದ್ದಾರೆ, ಇನ್ನೂ ಏನೂ ಅಂದಿಲ್ಲ.

ಕಾವಲುಮಂಚ:
ಅವರು ಅನ್ನೋವರೆಗೆ ಕಾಯೋದು ಬೇಡ. ಆ ಕ್ಯಾಮೆರಾ ಬಿಚ್ಚಿ ಒಂದು ತಿಂಗಳು ಅವರ ಬದುವಿಗೆ ಕಟ್ಟಿ. ಮೆಮರಿ ಕಾರ್ಡು ಅವರ ಮುಂದೇನೇ ತೆಗೆದು ನೋಡಿ.