ಕ್ಯಾಸ್ಕೋಡ್ ಕಟ್ಟಿದರೂ ಬ್ಯಾಂಡ್‌ವಿಡ್ತ್ ಯಾಕೆ ಏರ್ತಿಲ್ಲ?

ತೊಗರಿ_ಕಣಜ (ಕಲಬುರಗಿ):
ಮೊದಲು ಒಂದೇ ಬಿಸಿ547 ಟ್ರಾನ್ಸಿಸ್ಟರ್ ಹಾಕಿ ಕಾಮನ್ ಎಮಿಟರ್ ಆಂಪ್ಲಿಫೈಯರ್ ಕಟ್ಟಿದ್ದೆ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತೆ ಅನ್ನೋದು) ಸುಮಾರು 140 ಬಂತು, ಆದರೆ ಬ್ಯಾಂಡ್‌ವಿಡ್ತ್, ಅಂದರೆ ಗೇನ್ ಕುಸಿಯದೆ ಓಡುವ ಫ್ರೀಕ್ವೆನ್ಸಿ, 200 ಕಿಲೋಹರ್ಟ್ಸ್‌ಗೇ ಸುಸ್ತು. ಮಿಲ್ಲರ್ ಎಫೆಕ್ಟ್ (ಕಲೆಕ್ಟರ್-ಬೇಸ್ ನಡುವಿನ ಚಿಕ್ಕ ಕೆಪಾಸಿಟೆನ್ಸ್ ಗೇನ್‌ನಿಂದಾಗಿ ಇನ್‌ಪುಟ್‌ಗೆ ದೊಡ್ಡದಾಗಿ ಕಾಣೋದು) ಅಂತ ಓದಿ, ಕ್ಯಾಸ್ಕೋಡ್ ಮಾಡೋಕೆ ಆ ಟ್ರಾನ್ಸಿಸ್ಟರ್ ತಲೆ ಮೇಲೆ ಇನ್ನೊಂದು ಬಿಸಿ547 ಕೂರಿಸಿದೆ. ಸಪ್ಲೈ 12 ವೋಲ್ಟ್, ಕಲೆಕ್ಟರ್‌ಗೆ 4.7ಕೆ (ಕಿಲೋಓಮ್), ಎಮಿಟರ್‌ಗೆ 1ಕೆ ಜೊತೆ 100 ಮೈಕ್ರೋಫ್ಯಾರಡ್, ಬಯಾಸ್‌ಗೆ (ಬೇಸ್‌ಗಳಿಗೆ ಡಿಸಿ ವೋಲ್ಟೇಜ್ ಕೊಡೋಕೆ) ಮೇಲಿಂದ ಕೆಳಗೆ 82ಕೆ, 22ಕೆ, 18ಕೆ. ಜನರೇಟರ್ ಮುಂದೆ ಬೇಕಂತಲೇ 1ಕೆ ಇಟ್ಟಿದ್ದೇನೆ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಬರೀ 320 ಕಿಲೋಹರ್ಟ್ಸ್! ಟ್ರಾನ್ಸಿಸ್ಟರ್ ಬದಲಿಸಬೇಕಾ? ಈ ಬಿಸಿಲಲ್ಲಿ ಮತ್ತೆ ಸೂಪರ್ ಮಾರ್ಕೆಟ್‌ವರೆಗೆ ಹೋಗೋಕೆ ಮನಸ್ಸಿಲ್ಲ.

ಶಹಾಪುರ_ಬೆಟ್ಟ:
ಮೇಲಿನ ಬೇಸ್‌ನಿಂದ ಗ್ರೌಂಡ್‌ಗೆ ಕೆಪಾಸಿಟರ್ ಇದೆಯಾ ರೀ? ಆ ಬೇಸ್ ಸಿಗ್ನಲ್‌ಗೆ ಅಲುಗಾಡಬಾರದು. ಡಿಸಿ ವೋಲ್ಟೇಜೂ ಹಾಕಿ.

ತೊಗರಿ_ಕಣಜ:
0.1 ಮೈಕ್ರೋಫ್ಯಾರಡ್ ಇದೆ ಸರ್. ಮೇಲಿನ ಬೇಸ್ 3.7, ಔಟ್‌ಪುಟ್ ಕಲೆಕ್ಟರ್ 7.4 ವೋಲ್ಟ್.

ಬಿದ್ರಿ_ತಂತಿ (ಬೀದರ್):
ಬಯಾಸ್ ಚೆನ್ನಾಗಿಯೇ ಇದೆ ತಮ್ಮಾ, ಟ್ರಾನ್ಸಿಸ್ಟರ್ ಬಿಡು, ನಿನ್ನ ಸ್ಕೋಪ್ ಪ್ರೋಬ್ (ಸಿಗ್ನಲ್ ಅಳೆಯೋ ಕಡ್ಡಿ) ನೋಡು. ಸ್ವಿಚ್ 1ಎಕ್ಸ್‌ನಲ್ಲಿದೆ ಅಲ್ವಾ? 10ಎಕ್ಸ್‌ನಲ್ಲಿ ಸಿಗ್ನಲ್ ಹತ್ತನೇ ಒಂದು ಭಾಗ ಆಗುತ್ತೆ, ಆದರೆ ಸರ್ಕ್ಯೂಟ್ ಮೇಲೆ ಪ್ರೋಬ್‌ನ ಭಾರ ಕಮ್ಮಿ.

ಲೆಕ್ಕ ಹಾಕೋಣ. ಕರೆಂಟ್ 1 ಮಿಲಿಆಂಪ್ ಹತ್ತಿರ, ಅಂದರೆ ಮೇಲಿನ ಎಮಿಟರ್ ಒಳಗೆ ಕಾಣುವುದು ಸುಮಾರು 26 ಓಮ್. ಕೆಳಗಿನ ಟ್ರಾನ್ಸಿಸ್ಟರ್‌ಗೆ ಅದೇ ಲೋಡ್, ಹಾಗಾಗಿ ಅದರ ಗೇನ್ ಬರೀ 1. ಕಲೆಕ್ಟರ್-ಬೇಸ್ ನಡುವೆ 3 ಪಿಕೋಫ್ಯಾರಡ್ ಅಂತ ಇಟ್ಟುಕೋ. ಮೊದಲ ಸರ್ಕ್ಯೂಟ್‌ನಲ್ಲಿ ಟ್ರಾನ್ಸಿಸ್ಟರ್ ಗೇನ್ 180 (ಜನರೇಟರ್ ಮುಂದಿನ 1ಕೆಯಲ್ಲಿ ಸ್ವಲ್ಪ ಕಳೆದು ನಿನಗೆ ಕಂಡದ್ದು 140), ಆ 3 ಇನ್‌ಪುಟ್‌ಗೆ 1+ಗೇನ್ ಪಟ್ಟು, 540ರಷ್ಟು ಕಾಣುತ್ತಿತ್ತು. ಈಗ ಅದು 6. ಇನ್‌ಪುಟ್ ಕಡೆ ರೋಗ ವಾಸಿ.

ಆದರೆ ಔಟ್‌ಪುಟ್‌ನಲ್ಲಿ 4.7ಕೆ ಹಾಗೇ ಕೂತಿದೆ. 1ಎಕ್ಸ್ ಪ್ರೋಬ್ ಕೇಬಲ್ ಸಮೇತ 100 ಪಿಕೋಫ್ಯಾರಡ್ ಆಸುಪಾಸು ಇರುತ್ತೆ. ಎರಡನ್ನೂ 1/(2πRC) ಸೂತ್ರಕ್ಕೆ ಹಾಕಿದರೆ 340 ಕಿಲೋಹರ್ಟ್ಸ್. ನೀನು ಅಳೆದದ್ದು ಹೆಚ್ಚುಕಡಿಮೆ ನಿನ್ನ ಪ್ರೋಬನ್ನೇ!

ತೊಗರಿ_ಕಣಜ:
ಅಣ್ಣಾ, 10ಎಕ್ಸ್ ಮಾಡಿದೆ, 1.6 ಮೆಗಾಹರ್ಟ್ಸ್! ಮೊದಲು ಗೇನ್ 14 ಅಂತ ಕಂಡು ಎದೆ ಧಸಕ್ ಅಂತು, ಸ್ಕೋಪ್ ಮೆನುವಿನಲ್ಲೂ 10ಎಕ್ಸ್ ಮಾಡೋದು ಮರೆತಿದ್ದೆ. ಎರಡು ದಿನ ಸುಮ್ನೆ ರೆಸಿಸ್ಟರ್ ಬದಲಿಸುತ್ತಾ ಕೂತಿದ್ದೆ.

ಶಹಾಪುರ_ಬೆಟ್ಟ:
ಇನ್ನೂ ಜಾಸ್ತಿ ಬೇಕಂದ್ರೆ 4.7ಕೆ ತೆಗೆದು 2.2ಕೆ ಹಾಕಿ, ಗೇನ್ ಅರ್ಧ ಹೋಗುತ್ತೆ. ಔಟ್‌ಪುಟ್ ಮಾತ್ರ 3.3 ವೋಲ್ಟ್‌ಗಿಂತ ಕೆಳಗೆ ಇಳಿಯಲ್ಲ, ಮೇಲಿನ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗುತ್ತೆ (ಪೂರ್ತಿ ಆನ್ ಆಗಿ ಆಂಪ್ಲಿಫೈ ಮಾಡೋದು ನಿಲ್ಲಿಸುತ್ತೆ). ದೊಡ್ಡ ಸ್ವಿಂಗ್ ಬೇಕಿದ್ದರೆ ಸಪ್ಲೈ ಏರಿಸಬೇಕು.