ಐದನೆಯ ತರಗತಿಗೆ ಯಹೂದಿಗಳ ಹತ್ಯಾಕಾಂಡವನ್ನು ಎಷ್ಟರಮಟ್ಟಿಗೆ ಹೇಳಬಹುದು?

ಶಿಕ್ಷಕಿ, ಕಾರವಾರ ತಾಲೂಕು:
ನನ್ನ ತರಗತಿಯ ಹುಡುಗನೊಬ್ಬ ಟಿವಿಯಲ್ಲಿ ನಾಜಿ ಧ್ವಜವನ್ನು ಕಂಡು, ನಮ್ಮ ಮನೆಯ ಬಾಗಿಲ ಮೇಲಿರುವ ಸ್ವಸ್ತಿಕ ಅಲ್ಲೇಕೆ ಇದೆ ಎಂದು ಕೇಳಿದ. ಉತ್ತರಿಸಹೊರಟರೆ, ಹಿಟ್ಲರನ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಸಂಗತಿಗೆ ಬಂದೇ ನಿಲ್ಲಬೇಕಾಗುತ್ತದೆ. ಹತ್ತು ವರ್ಷದ ಮಕ್ಕಳಿಗೆ ಸುಳ್ಳು ಹೇಳದೆ, ಹೆದರಿಸಲೂ ಹೋಗದೆ ಇದನ್ನು ತಿಳಿಸುವುದು ಹೇಗೆ?

ನಿವೃತ್ತ ಇತಿಹಾಸ ಶಿಕ್ಷಕ, ಶಿರಸಿ:
ಅಕ್ಕೋರೇ, ಈ ವಯಸ್ಸಿಗೆ ಕೊಲೆಯ ವಿವರಗಳಾಗಲಿ ಚಿತ್ರಗಳಾಗಲಿ ಬೇಡ. ಕೊಲೆಗಿಂತ ಮೊದಲು ನಡೆದದ್ದನ್ನು ಮಾತ್ರ ಧಾರಾಳವಾಗಿ ಹೇಳಬಹುದು, ಏಕೆಂದರೆ ಅದರಲ್ಲಿ ಬಹಳಷ್ಟು ಮಕ್ಕಳ ಲೋಕದ್ದೇ ಆಗಿದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಕಟ್ಟಳೆಗಳು ಒಂದರ ಹಿಂದೊಂದು ಬಂದವು: 1935ರಲ್ಲಿ ಯಹೂದಿಗಳ ಪೌರತ್ವ ಹೋಯಿತು, 1938ರ ನವೆಂಬರಿನಲ್ಲಿ ಅವರ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಲಾಯಿತು, 1941ರಲ್ಲಿ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು, ಮರುವರ್ಷ ನಾಯಿ ಬೆಕ್ಕುಗಳನ್ನು ಸಾಕುವುದೂ ನಿಷಿದ್ಧವಾಯಿತು. ಬೆಕ್ಕನ್ನು ಕಳೆದುಕೊಂಡ ಮಗುವಿನ ಸಂಕಟ ಮಕ್ಕಳಿಗೆ ಲಕ್ಷಗಳ ಲೆಕ್ಕಕ್ಕಿಂತ ಬೇಗ ತಿಳಿಯುತ್ತದೆ.

ಅನಂತರ ಬದುಕುಳಿದ ಮಕ್ಕಳ ಕಥೆ ಹೇಳಿ. 1938-39ರಲ್ಲಿ ಸುಮಾರು 10,000 ಮಕ್ಕಳನ್ನು ರೈಲು, ಹಡಗುಗಳಲ್ಲಿ ಬ್ರಿಟನ್ನಿಗೆ ಕಳುಹಿಸಲಾಯಿತು. ಅವರಲ್ಲಿ ಅನೇಕರು ತಂದೆತಾಯಿಯನ್ನು ಮತ್ತೆಂದೂ ಕಾಣಲಿಲ್ಲ. ಇದನ್ನು ಮುಚ್ಚಿಡಬೇಡಿ. ಆ ತಂದೆತಾಯಿಯರನ್ನು ಕೊಂದರು ಎಂದು ನೇರವಾಗಿ ಹೇಳಿ, ಹೇಗೆ ಎಂಬುದನ್ನು ಹೈಸ್ಕೂಲಿಗೆ ಬಿಡಿ. ವಾಷಿಂಗ್ಟನ್ನಿನ ಹೋಲೋಕಾಸ್ಟ್ (ಯಹೂದಿಗಳ ಹತ್ಯಾಕಾಂಡ) ಸ್ಮಾರಕ ವಸ್ತುಸಂಗ್ರಹಾಲಯವೂ ವಿಸ್ತಾರವಾದ ಅಧ್ಯಯನವನ್ನು ಆರನೆಯ ತರಗತಿ ಮತ್ತು ಅದರ ಮೇಲಿನವರಿಗೇ ಸೂಚಿಸುತ್ತದೆ. ಅರ್ಧ ತರಗತಿಗೆ ನಕ್ಷತ್ರ ಅಂಟಿಸಿ ನಾಟಕ ಮಾಡಿಸುವ ಉತ್ಸಾಹ ಕೆಲವರಿಗೆ ಬರುವುದುಂಟು; ದಯವಿಟ್ಟು ಅದು ಬೇಡವೇ ಬೇಡ.

ಪಾಲಕ, ಅಂಕೋಲಾ:
ಹುಡುಗ ಕೇಳಿದ್ದು ಸ್ವಸ್ತಿಕದ ಬಗ್ಗೆಯಲ್ಲವೇ? ಆ ಚಿಹ್ನೆ ನಾಜಿಗಳಿಗಿಂತ ಸಾವಿರಾರು ವರ್ಷ ಹಳೆಯದು, ಅವರ ಪಕ್ಷ ಅದನ್ನು ಧ್ವಜಕ್ಕೆ ಹಾಕಿಕೊಂಡದ್ದು 1920ರಲ್ಲಿ ಎಂದು ಮೊದಲು ಹೇಳಿಬಿಡಿ. ಹೊಸ್ತಿಲಲ್ಲಿ ಅದನ್ನು ಬರೆಯುವ ಅಜ್ಜಿಯದೇನೂ ತಪ್ಪಿಲ್ಲ; ಆದರೆ ಆ ಧ್ವಜವನ್ನು ಕಂಡರೆ ಯಹೂದಿ ಮನೆಗಳವರು ಏಕೆ ತಲ್ಲಣಿಸುತ್ತಾರೆಂಬುದೂ ಅವನಿಗೆ ತಿಳಿಯಲಿ. ನೆಲೆ ಕಳೆದುಕೊಂಡವರ ಪಾಡನ್ನು ವಿವರಿಸಲು ನಮ್ಮ ಮುಂಡಗೋಡದ ಟಿಬೆಟನ್ನರನ್ನು ಉದಾಹರಿಸಬಹುದೇನೋ.

ನಿವೃತ್ತ ಇತಿಹಾಸ ಶಿಕ್ಷಕ, ಶಿರಸಿ:
ದೇಶ ಬಿಟ್ಟು ಬರುವುದೆಂದರೇನು ಎಂಬಷ್ಟಕ್ಕೆ ಮುಂಡಗೋಡ ಸಾಕು, ಅದಕ್ಕಿಂತ ಮುಂದೆ ಆ ಹೋಲಿಕೆಯನ್ನು ಎಳೆಯಬಾರದು. ಒಂದು ಸರ್ಕಾರವು ಒಂದು ಜನಾಂಗವನ್ನು ಕೂಸುಕಂದಮ್ಮಗಳ ಸಮೇತ ಪಟ್ಟಿ ಮಾಡಿ ಕೊಂದದ್ದು ಬೇರೆಯೇ ಸಂಗತಿ. ಇನ್ನೊಂದು ಮಾತು: ಪಾಠವನ್ನು ಬಿಸಿಯೂಟಕ್ಕೆ ಮೊದಲೇ ಮುಗಿಸಿ. ಕೊನೆಯ ಅವಧಿಗೆ ಇಟ್ಟರೆ ಮಕ್ಕಳು ಪ್ರಶ್ನೆಗಳನ್ನು ಹಾಗೆಯೇ ಮನೆಗೆ ಹೊತ್ತೊಯ್ಯುತ್ತಾರೆ.