ಗೆಳೆಯರು ಕಡಿಮೆಯಿದ್ದರೆ ಮಿದುಳು ಕುಗ್ಗುತ್ತದೆಯೇ?

ಕರಡು ತಿದ್ದುವವಳು:
ಹನ್ನೊಂದು ವರ್ಷಗಳಿಂದ ಮನೆಯಲ್ಲೇ ಕುಳಿತು ಕರಡು ತಿದ್ದುತ್ತಿದ್ದೇನೆ. ಕಳೆದ ವಾರ ಬಂದ ಆರೋಗ್ಯ ಲೇಖನವೊಂದರಲ್ಲಿ ಈ ಸಾಲಿತ್ತು: "ಸಾಮಾಜಿಕ ಸಂಬಂಧಗಳಿಗೂ ಮಿದುಳಿನ ಗಾತ್ರಕ್ಕೂ ಸಂಬಂಧವಿದೆ." ಒಂದೇ ಸಾಲಿನಲ್ಲಿ ಎರಡು 'ಸಂಬಂಧ' ಕಿವಿಗೆ ಚುಚ್ಚಿತು. "ಸಾಮಾಜಿಕ ಸಂಬಂಧಗಳು ಮಿದುಳಿನ ಗಾತ್ರವನ್ನು ನಿರ್ಧರಿಸುತ್ತವೆ" ಎಂದು ತಿದ್ದಿ ಕಳುಹಿಸಿದೆ. ಆಮೇಲೆ ಆ ಸಾಲು ನನ್ನನ್ನೇ ಕಾಡತೊಡಗಿತು. ಒಡನಾಟ ಹೆಚ್ಚಿದ್ದವರ ಅಮಿಗ್ಡಾಲ, ಅಂದರೆ ಭಾವನೆಗಳನ್ನು ನೋಡಿಕೊಳ್ಳುವ ಮಿದುಳಿನ ಒಂದು ಭಾಗ, ದೊಡ್ಡದಾಗಿರುತ್ತದಂತೆ. ನನ್ನ ಮೊಬೈಲಿನಲ್ಲಿ 170 ಹೆಸರುಗಳಿವೆ. ಆರು ತಿಂಗಳಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತನಾಡಿದ್ದು ನಾಲ್ವರೊಂದಿಗೆ. ಅವರಲ್ಲೊಬ್ಬಳು ತಂಗಿ, ಅವಳನ್ನು ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ. ಇದರಿಂದ ನನಗೆ ದುಃಖವಿಲ್ಲ, ಮೌನ ನನಗೆ ಒಗ್ಗುತ್ತದೆ. ಆದರೆ ತಲೆಯೊಳಗೆ ಏನಾದರೂ ಸವೆಯುತ್ತಿದೆಯೇ? ತಿಳಿದವರು ಹೇಳಿ.

ಸ್ಕ್ಯಾನ್ ಕೋಣೆ:
ಮೇಡಂ, ಮೂಲ ಸಾಲು ಸರಿಯಿತ್ತು. ತಪ್ಪಿದ್ದು ನಿಮ್ಮ ತಿದ್ದುಪಡಿ. 'ಸಂಬಂಧವಿದೆ' ಎಂಬುದು 'ನಿರ್ಧರಿಸುತ್ತವೆ' ಆದದ್ದರಲ್ಲೇ ನಿಮ್ಮ ಅರ್ಧ ಭಯ ಹುಟ್ಟಿದೆ.

ಎಂ.ಆರ್.ಐ. ಚಿತ್ರಗಳಲ್ಲಿ ಮಿದುಳಿನ ಭಾಗಗಳ ಗಡಿ ಗುರುತಿಸುವ ಕೆಲಸವನ್ನು ಆರು ವರ್ಷ ಮಾಡಿದ್ದೇನೆ. ನೀವು ಓದಿದ ಅಮಿಗ್ಡಾಲದ ಸಂಗತಿ 2010ರ ಕೊನೆಯಲ್ಲಿ ಹೊರಬಂದದ್ದು. ಅದರಲ್ಲಿ ಪರೀಕ್ಷಿಸಿದ್ದು 58 ಜನರನ್ನು. ಒಡನಾಟದ ಬಳಗ ದೊಡ್ಡದಿದ್ದವರಲ್ಲಿ ಆ ಭಾಗ ಸರಾಸರಿಯಲ್ಲಿ ದೊಡ್ಡದಾಗಿ ಕಂಡಿತು. 2020ರಲ್ಲಿ ಅಮೆರಿಕದ ಇನ್ನೊಂದು ತಂಡ ಅಂಥದೇ ನಂಟನ್ನು ಹುಡುಕಿದಾಗ ಬಲವಾದ ಪುರಾವೆ ಸಿಗಲಿಲ್ಲ. ಮಿದುಳಿನ ರಚನೆಯನ್ನು ಮನುಷ್ಯರ ನಡೆನುಡಿಗೆ ಜೋಡಿಸುವ ಅಧ್ಯಯನ ನಂಬುವಂತಿರಬೇಕಾದರೆ ಸಾವಿರಾರು ಜನ ಬೇಕೆಂದು 2022ರಲ್ಲಿ 'ನೇಚರ್' ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಸೋಮವಾರ ನಾನು ಎಳೆದ ಅಮಿಗ್ಡಾಲದ ಗೆರೆ, ಅದೇ ಮಿದುಳಿನ ಮೇಲೆ ಗುರುವಾರ ಎಳೆದಾಗ ಬೇರೆಯಾಗಿರುತ್ತಿತ್ತು. ಪಕ್ಕದಲ್ಲಿರುವ, ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಲ್ಲಿ ಮುಗಿಯುತ್ತದೆ ಎಂಬುದೇ ಜಗಳದ ವಿಷಯ.

ತಂಗಿ ಖಂಡಿತ ಲೆಕ್ಕಕ್ಕೆ ಬರುತ್ತಾರೆ. ಇಂಥ ಅಧ್ಯಯನಗಳಲ್ಲಿ ಬಳಸುವ ಪ್ರಶ್ನಾವಳಿ ಬಂಧುಗಳನ್ನೂ ಕೇಳುತ್ತದೆ. ಷರತ್ತು ಒಂದೇ: ಎರಡು ವಾರಕ್ಕೊಮ್ಮೆಯಾದರೂ ಮಾತುಕತೆ ಇರಬೇಕು.

ದಾರಿಹೋಕ:
ಸ್ಕ್ಯಾನ್ ಕೋಣೆಯವರೇ, ಅಷ್ಟು ಸಲೀಸಾಗಿ ಸಮಾಧಾನ ಹೇಳಬೇಡಿ. 2011ರಲ್ಲಿ ಆಕ್ಸ್‌ಫರ್ಡ್‌ನವರು 23 ಮಕಾಕ್ ಕೋತಿಗಳನ್ನು ಬೇರೆ ಬೇರೆ ಗಾತ್ರದ ಗುಂಪುಗಳಲ್ಲಿಟ್ಟು ನೋಡಿದರು. ಗುಂಪು ದೊಡ್ಡದಾದಷ್ಟೂ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಅಂಗಾಂಶ, ಹೆಚ್ಚಿತ್ತು. ಯಾವ ಕೋತಿ ಯಾರ ಜೊತೆ ಇರಬೇಕೆಂದು ಆರಿಸಿದ್ದು ಮನುಷ್ಯರು, ಕೋತಿಗಳಲ್ಲ. ಹಾಗಾಗಿ 'ದೊಡ್ಡ ಮಿದುಳಿದ್ದವರಿಗೆ ಗೆಳೆಯರು ಹೆಚ್ಚು ಸಿಗುತ್ತಾರೆ' ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಅಂಟಾರ್ಕ್ಟಿಕಾದ ಜರ್ಮನ್ ನೆಲೆಯಲ್ಲಿ 14 ತಿಂಗಳು ಕಳೆದ 9 ಜನರ ಹಿಪ್ಪೋಕ್ಯಾಂಪಸ್‌ನ ಒಂದು ಭಾಗ ಕುಗ್ಗಿತ್ತೆಂದು 2019ರಲ್ಲಿ ವರದಿಯಾಯಿತು. ಅಲ್ಲಿ ಒಂಟಿತನದ ಜೊತೆಗೆ ಎಲ್ಲೆಲ್ಲೂ ಒಂದೇ ಬಿಳುಪು, ತಿಂಗಳುಗಟ್ಟಲೆ ಕತ್ತಲೆ. ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ರೊಮೇನಿಯಾದ ಅನಾಥಾಲಯಗಳ ಮಕ್ಕಳ ವಿಷಯದಲ್ಲಿ ಹಾಗೆ ತಳ್ಳಿಹಾಕಲಾಗದು. ಎತ್ತಿಕೊಳ್ಳುವವರಿಲ್ಲದೆ, ಮಾತನಾಡಿಸುವವರಿಲ್ಲದೆ, ಹೊಟ್ಟೆಗೂ ಸಾಲದೆ ಬೆಳೆದ ಕೂಸುಗಳು ಅವು. ಬ್ರಿಟನ್ನಿನ ಒಳ್ಳೆಯ ಮನೆಗಳಿಗೆ ದತ್ತು ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೂ ಅವರ ಮಿದುಳು ಇತರ ದತ್ತು ಮಕ್ಕಳಿಗಿಂತ ಸರಾಸರಿ ಶೇ. 8.6ರಷ್ಟು ಚಿಕ್ಕದಿತ್ತು. ಅಲ್ಲಿ ಕಳೆದುಹೋದದ್ದು ಗೆಳೆಯರ ಸಂಖ್ಯೆಯಲ್ಲ.

ನಿಮ್ಮ ನಾಲ್ವರನ್ನು ಈ ಸಾಲಿನಲ್ಲಿ ನಿಲ್ಲಿಸಲಾರೆ, ಅಕ್ಕ. ಆದರೂ ನಾಲ್ಕು ಮೂರಾಗದಂತೆ ನೋಡಿಕೊಳ್ಳಿ.

ಹಸುಗೂಸಿನ ತಾಯಿ:
ಮಗು ಮಲಗಿದೆ, ಬೇಗ ಬರೆದು ಹೋಗುತ್ತೇನೆ. ದೊಡ್ಡದಿದ್ದರೆ ಒಳ್ಳೆಯದು, ಚಿಕ್ಕದಾದರೆ ಕೆಟ್ಟದ್ದು ಎಂದು ಎಲ್ಲರೂ ಏಕೆ ಹಿಡಿದುಕೊಂಡಿದ್ದೀರಿ? ಮೊದಲ ಬಸಿರಿನಲ್ಲಿ ಹೆಂಗಸರ ಬೂದು ದ್ರವ್ಯ ಕಡಿಮೆಯಾಗುತ್ತದೆ, ಅದೂ ಇತರರ ಮನಸ್ಸನ್ನು ಅರಿಯುವ ಭಾಗಗಳಲ್ಲೇ. ಹೆರಿಗೆಯಾಗಿ ಎರಡು ವರ್ಷವಾದರೂ ಬದಲಾವಣೆ ಉಳಿದಿರುತ್ತದೆ. ಆ ಬದಲಾವಣೆಯ ಪ್ರಮಾಣಕ್ಕೂ ತಾಯಿಗೆ ಮಗುವಿನ ಮೇಲಿರುವ ಅಂಟಿಗೂ ನಂಟಿದೆ ಎಂಬುದು 2017ರ ಅಧ್ಯಯನದಲ್ಲಿ ಕಂಡಿತು. ನನ್ನ ಮಿದುಳು ಕುಗ್ಗಿದೆಯೋ ಏನೋ, ಪಕ್ಕದ ಕೋಣೆಯಲ್ಲಿ ಇವಳು ಮಗ್ಗುಲು ಬದಲಿಸಿದ್ದು ಮಾತ್ರ ಈಗ ಕೇಳಿಸಿತು. ಎದ್ದಳು.

ಕರಡು ತಿದ್ದುವವಳು:
ನನ್ನ ತಿದ್ದುಪಡಿಗೆ ನಾನೇ ಹೆದರಿದ್ದೇನೆ ಎಂದು ಅರ್ಥವಾದಾಗ ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಸಂಪಾದಕರಿಗೆ ಬರೆದು ಎರಡೂ 'ಸಂಬಂಧ'ಗಳನ್ನು ಮರಳಿ ಕೂರಿಸಿದ್ದೇನೆ, 'ಸರಾಸರಿಯಲ್ಲಿ' ಎಂಬ ಪದವನ್ನೂ ಸೇರಿಸಿದ್ದೇನೆ. ಸಾಲು ಒರಟಾಗಿಯೇ ಇದೆ, ಇರಲಿ. ಕೋತಿಗಳ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸ್ಕ್ಯಾನ್ ಕೋಣೆಯವರೇ, ಎರಡು ವಾರದ ಷರತ್ತನ್ನು ಓದಿ ಮೊಬೈಲ್ ತೆರೆದು ನೋಡಿದೆ. ತಂಗಿಯೊಡನೆ ಮಾತನಾಡಿ 17 ದಿನಗಳಾಗಿವೆ. ಈಗ ಕರೆ ಮಾಡುತ್ತಿದ್ದೇನೆ, ಆಮೇಲೆ ಬರುತ್ತೇನೆ.